ದವಡೆಯ ಚೂರು ಹೇಳುವಷ್ಟೇ ಮಾತು

ಶಿವಮೊಗ್ಗೆಯಿಂದ ಸಾಗರದ ಹಾದಿ ಹಿಡಿದು ಹೊರಟವರಿಗೆ ಆಯನೂರು ಕಳೆದ ಮೇಲೆ ಕುಂಸಿ ಎದುರಾಗುತ್ತದೆ. ಅಡಿಕೆಯ ತೋಟ, ಭತ್ತದ ಗದ್ದೆ, ಮೆಕ್ಕೆಜೋಳದ ಹೊಲ, ಅವುಗಳಾಚೆ ಕಾಡು, ಇವುಗಳ ನಡುವಿನ ಊರು ಇದು. ಪಯಣಿಗರು ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಭೂವಿಜ್ಞಾನಿಗಳಿಗೆ ಕುಂಸಿಯ ಹೆಸರು ಬಹಳ ಹಿಂದಿನಿಂದಲೂ ಪರಿಚಿತವಾದುದು. ಇಲ್ಲಿನ ನೆಲದಲ್ಲಿರುವ ಮ್ಯಾಂಗನೀಸ್ ಅದಿರೇ ಅದಕ್ಕೆ ಕಾರಣ.

ಬೇಸಿಗೆಯ ರಜೆಗೆ ಬೆಂಗಳೂರಿನಿಂದ ಬಂದಿದ್ದ ನಮ್ಮ ಮೊಮ್ಮಗನು ಒಂದು ದಿನ ಮಧ್ಯಾಹ್ನ ಎರಡೂ ಕೈಗಳಲ್ಲಿ ಒಂದು ಕಪ್ಪು ಕಲ್ಲನ್ನು ಹೊತ್ತು ತಂದನು. ಅದರ ಮೈಯೆಲ್ಲ ದ್ರಾಕ್ಷಿಯ ಗೊಂಚಲಿನಂತೆ ಗುಂಡು ಗುಂಡಾದ ಗಂಟುಗಳಿಂದ ತುಂಬಿತ್ತು. "ಅಜ್ಜಾ, ಇದು ಡೈನೋಸಾರ್ ಚರ್ಮ ಅಲ್ವಾ?" ಎಂದು ಕಣ್ಣರಳಿಸಿ ಕೇಳಿದನು. ನಾವು ಆಗ ತಾನೇ ಊಟ ಮುಗಿಸಿ ಜಗುಲಿಯಲ್ಲಿ ಒರಗಿದ್ದೆವು. ಮಗುವಿನ ಉತ್ಸಾಹವನ್ನು ಕುಂದಿಸಬಾರದೆಂದೋ, ನಿದ್ದೆಗೆ ಭಂಗ ಬರಬಾರದೆಂದೋ, "ಇರಬಹುದಪ್ಪ" ಎಂದುಬಿಟ್ಟೆವು.

ಆ ಒಂದು ಮಾತಿನ ಫಲ ಸಂಜೆಯ ವೇಳೆಗೆ ಕಾಣಿಸಿತು. ಕೇರಿಯ ಮಕ್ಕಳೆಲ್ಲ ನಮ್ಮ ಅಂಗಳದಲ್ಲಿ ನೆರೆದಿದ್ದರು. "ನಮ್ಮಜ್ಜನೇ ಹೇಳಿದಾರೆ" ಎಂಬ ಪ್ರಮಾಣದೊಡನೆ ಕಲ್ಲು ಕೈಯಿಂದ ಕೈಗೆ ದಾಟುತ್ತಿತ್ತು. ಹಿಂದೆ ಗಣಿಯಲ್ಲಿ ದುಡಿದಿದ್ದ ಹಿರಿಯರೊಬ್ಬರು ಆ ದಾರಿಯಲ್ಲಿ ಬಂದವರು ಕಲ್ಲನ್ನು ಎತ್ತಿ ನೋಡಿ, "ಯಜಮಾನ್ರೇ, ಇದು ಮ್ಯಾಂಗನೀಸ್ ಅದಿರು. ತೂಕ ನೋಡಿ, ಕೈಗೆ ಹತ್ತೋ ಮಸಿ ನೋಡಿ" ಎಂದು ನಕ್ಕು ಮುಂದೆ ಹೋದರು. ಮೊಮ್ಮಗನು ನಮ್ಮ ಮುಖವನ್ನು ನೋಡಿದನು. ಕಲ್ಲು ಡೈನೋಸಾರ್ ಅಲ್ಲವೆಂಬುದಕ್ಕಿಂತ, ಅಜ್ಜ ತಿಳಿಯದೆ ಹೇಳಿದರೆಂಬುದೇ ಅವನಿಗೆ ಹೆಚ್ಚು ನೋವಾಗಿತ್ತು.

ಅಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ತಿಳಿಯದುದನ್ನು ತಿಳಿದವರಂತೆ ಹೇಳುವುದು ಸಣ್ಣ ತಪ್ಪೆಂದು ನಾವೆಲ್ಲ ಭಾವಿಸುತ್ತೇವೆ. ಆದರೆ ಮಕ್ಕಳ ಮುಂದೆ ಅದು ಸಣ್ಣದಲ್ಲ. ಆ ತಪ್ಪನ್ನು ತಿದ್ದಿಕೊಳ್ಳಲೆಂದೇ ನಾವು ಮೊಮ್ಮಗನೊಡನೆ ಕುಳಿತು, ಅವನಿಗೆ ಬಹು ಪ್ರಿಯವಾದ ಬಾತುಕೊಕ್ಕಿನ ಡೈನೋಸಾರುಗಳ ವಿಚಾರವನ್ನು ಓದತೊಡಗಿದೆವು. ಓದುತ್ತ ಹೋದಂತೆ, ನಾವು ಮಾಡಿದ ತಪ್ಪನ್ನೇ ದೊಡ್ಡ ದೊಡ್ಡ ಪಂಡಿತರೂ ಮಾಡಿದ್ದರೆಂಬುದು ತಿಳಿದು ಬಂದಿತು. ಆ ತಪ್ಪನ್ನು ಅವರು ತಿದ್ದಿಕೊಂಡ ಬಗೆಯನ್ನೂ ತಿಳಿದೆವು. ಅದನ್ನು ನಮ್ಮ ಓದುಗ ಕುಟುಂಬಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶವಾಗಿದೆ.

ಬಾತುಕೊಕ್ಕಿನ ಪ್ರಾಣಿ

ಡೈನೋಸಾರ್ ಎಂದೊಡನೆ ಬಹುಮಂದಿಯ ಕಣ್ಣ ಮುಂದೆ ನಿಲ್ಲುವುದು ಕೋರೆಹಲ್ಲಿನ ಘೋರಮೃಗ. ಆದರೆ ಡೈನೋಸಾರುಗಳಲ್ಲಿ ಸೊಪ್ಪು ಮೇಯುವ ಸಾಧುಪ್ರಾಣಿಗಳೂ ವಿಪುಲವಾಗಿದ್ದವು. ಅವುಗಳಲ್ಲಿ ಒಂದು ವಂಶಕ್ಕೆ ಹ್ಯಾಡ್ರೊಸಾರ್ ಎಂದು ಹೆಸರು. ಇವುಗಳ ಮೂತಿಯ ತುದಿಯು ಚಪ್ಪಟೆಯಾಗಿ, ಅಗಲವಾಗಿ, ಬಾತುಕೋಳಿಯ ಕೊಕ್ಕಿನಂತೆ ಇದ್ದುದರಿಂದ ಬಾತುಕೊಕ್ಕಿನ ಡೈನೋಸಾರುಗಳೆಂದು ಕರೆಯುವುದು ರೂಢಿಯಾಗಿದೆ.

ಕೊಕ್ಕಿನ ತುದಿಯಲ್ಲಿ ಹಲ್ಲುಗಳಿರಲಿಲ್ಲ. ಸೊಪ್ಪನ್ನು ಕತ್ತರಿಸುವುದಕ್ಕೆ ಕೊಕ್ಕಿನ ಗಟ್ಟಿಯಾದ ಅಂಚೇ ಸಾಕಾಗಿತ್ತು. ನಿಜವಾದ ವಿಶೇಷವಿದ್ದುದು ಅದರ ಹಿಂದಿನ ದವಡೆಯಲ್ಲಿ. ಅಲ್ಲಿ ನೂರಾರು ಸಣ್ಣ ಹಲ್ಲುಗಳು ಸಾಲು ಸಾಲಾಗಿ ಒತ್ತೊತ್ತಾಗಿ ಜೋಡಿಸಿಕೊಂಡು, ಬೀಸುವ ಕಲ್ಲಿನಂತೆ ಒಂದೇ ಅರೆಯುವ ಮೈಯಾಗಿ ಕೆಲಸ ಮಾಡುತ್ತಿದ್ದವು. ಮೇಲಿನ ಹಲ್ಲು ಸವೆದಂತೆ ಕೆಳಗಿನಿಂದ ಹೊಸ ಹಲ್ಲು ಏರಿ ಬರುತ್ತಿತ್ತು. ನಮ್ಮ ಮನೆಯ ಬೀಸುವ ಕಲ್ಲಿಗೆ ಆಗಾಗ ಉಳಿಯಿಂದ ಕಚ್ಚು ಹಾಕಿಸಬೇಕಾಗುತ್ತಿತ್ತು. ಈ ಪ್ರಾಣಿಯ ಬೀಸುವ ಕಲ್ಲಾದರೋ ಬಾಳಿನುದ್ದಕ್ಕೂ ತಾನೇ ಹೊಸದಾಗುತ್ತಿತ್ತು.

ಈ ಹಲ್ಲಿನ ರಚನೆಯು ಇನ್ನಾವ ಪ್ರಾಣಿಯಲ್ಲೂ ಇದೇ ರೀತಿಯಲ್ಲಿ ಕಾಣದು. ಆದುದರಿಂದಲೇ ದವಡೆಯ ಒಂದು ಚೂರು ದೊರೆತರೂ, ಅದರಲ್ಲಿ ಹಲ್ಲುಗಳಿದ್ದರೆ, ಅದು ಬಾತುಕೊಕ್ಕಿನ ವಂಶದ್ದೆಂದು ಬಲ್ಲವರು ಧೈರ್ಯವಾಗಿ ಹೇಳಬಲ್ಲರು. ಮುಂದೆ ಹೇಳಲಿರುವ ಸಂಗತಿಗೆಲ್ಲ ಇದೇ ಕೀಲಿಕೈಯಾಗಿದೆ.

ಹೊಲಕ್ಕೆ ಹಾಕುವ ಮಣ್ಣಿನಲ್ಲಿ ದೊರೆತ ಎಲುಬು

1856ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾ ನಗರದ ಜೋಸೆಫ್ ಲೀಡಿ ಎಂಬ ವಿದ್ವಾಂಸರು ಪಶ್ಚಿಮದ ಪ್ರಾಂತ್ಯದಿಂದ ತಂದ ಕೆಲವು ಹಲ್ಲುಗಳನ್ನು ಪರೀಕ್ಷಿಸಿ, ಅವುಗಳ ಒಡೆಯನಾದ ಪ್ರಾಣಿಗೆ ಟ್ರಾಕೊಡಾನ್ ಎಂದು ಹೆಸರಿಟ್ಟರು. ಒರಟು ಹಲ್ಲಿನದು ಎಂದು ಅದರ ಅರ್ಥ. ಹಲ್ಲುಗಳ ಹೊರತು ಬೇರೇನೂ ಅವರ ಮುಂದಿರಲಿಲ್ಲ.

ಎರಡು ವರ್ಷಗಳ ಅನಂತರ ಇನ್ನೂ ದೊಡ್ಡ ಸಂಗತಿ ನಡೆಯಿತು. ನ್ಯೂಜೆರ್ಸಿ ಪ್ರಾಂತ್ಯದ ಹ್ಯಾಡನ್‌ಫೀಲ್ಡ್ ಎಂಬ ಊರಿನ ರೈತರು ಮಾರ್ಲ್ ಎಂಬ ಹಸುರು ಛಾಯೆಯ ಮಣ್ಣನ್ನು ಅಗೆದು ಹೊಲಕ್ಕೆ ಗೊಬ್ಬರವಾಗಿ ಹರಡುತ್ತಿದ್ದರು. ಸುಮಾರು 1838ರ ವೇಳೆಗೆ ಹಾಪ್ಕಿನ್ಸ್ ಎಂಬ ರೈತನ ಹೊಲದಲ್ಲಿ ಹೀಗೆ ಅಗೆಯುವಾಗ ದೊಡ್ಡ ದೊಡ್ಡ ಎಲುಬುಗಳು ದೊರೆತಿದ್ದವು. ಆತನು ಅವುಗಳನ್ನು ಮನೆಯಲ್ಲಿಟ್ಟುಕೊಂಡನು. ಬಂದ ನೆಂಟರು, ನೋಡಲು ಬಂದವರು ಒಂದೊಂದನ್ನೇ ಕೊಂಡೊಯ್ದರು. ಹಾಗೆ ಹೋದವು ಮತ್ತೆ ಸಿಗಲಿಲ್ಲ.

ಇಪ್ಪತ್ತು ವರ್ಷ ಕಳೆದ ಮೇಲೆ, 1858ರಲ್ಲಿ, ವಿಲಿಯಂ ಪಾರ್ಕರ್ ಫೌಲ್ಕ್ ಎಂಬ ವಕೀಲರು ಆ ಊರಿಗೆ ಬೇಸಿಗೆ ಕಳೆಯಲು ಬಂದಿದ್ದಾಗ ಈ ಮಾತು ಅವರ ಕಿವಿಗೆ ಬಿದ್ದಿತು. ಅವರು ಕೇಳಿ ಸುಮ್ಮನಾಗಲಿಲ್ಲ. ಮುಚ್ಚಿಹೋಗಿದ್ದ ಹಳೆಯ ಗುಂಡಿಯನ್ನು ಹುಡುಕಿಸಿ, ಮತ್ತೆ ಅಗೆಸಿ, ಉಳಿದಿದ್ದ ಎಲುಬುಗಳನ್ನು ಜೋಪಾನವಾಗಿ ತೆಗೆಸಿದರು. ಹಲ್ಲುಗಳು, ಬೆನ್ನೆಲುಬಿನ ಮಣಿಗಳು, ಕೈಕಾಲಿನ ಮೂಳೆಗಳು ದೊರೆತವು. ತಲೆಬುರುಡೆ ಮಾತ್ರ ದೊರೆಯಲಿಲ್ಲ. ಲೀಡಿಯವರು ಅದೇ ವರ್ಷ ಈ ಪ್ರಾಣಿಗೆ ಹ್ಯಾಡ್ರೊಸಾರಸ್ ಫೌಲ್ಕೀ ಎಂದು ಹೆಸರಿಟ್ಟು ಲೋಕಕ್ಕೆ ಪರಿಚಯಿಸಿದರು.

ಲೀಡಿಯವರು ಇದ್ದ ಎಲುಬುಗಳನ್ನು ಅಳೆದು ನೋಡಿದರು. ಮುಂಗಾಲು ಗಿಡ್ಡವಾಗಿಯೂ ಹಿಂಗಾಲು ನೀಳವಾಗಿಯೂ ಇದ್ದುದರಿಂದ, ಈ ಪ್ರಾಣಿಯು ಹಿಂಗಾಲಿನ ಮೇಲೆ ಎದ್ದು ನಿಲ್ಲಬಲ್ಲುದಾಗಿತ್ತೆಂದು ಊಹಿಸಿದರು. ಅಲ್ಲಿಯವರೆಗೆ ಡೈನೋಸಾರುಗಳನ್ನು ಹಲ್ಲಿಯಂತೆಯೋ ಘೇಂಡಾಮೃಗದಂತೆಯೋ ನಾಲ್ಕು ಕಾಲಿನ ಮೇಲೆ ನಿಂತ ಭಾರಿ ಪ್ರಾಣಿಗಳೆಂದು ಚಿತ್ರಿಸುವುದು ವಾಡಿಕೆಯಾಗಿತ್ತು. ಕೆಲವೇ ಎಲುಬುಗಳು ಆ ವಾಡಿಕೆಯನ್ನು ಬದಲಿಸಿದವು.

ತಲೆಯಿಲ್ಲದ ದೇಹಕ್ಕೆ ಇಟ್ಟ ತಲೆ

1868ರಲ್ಲಿ ಫಿಲಡೆಲ್ಫಿಯಾದ ವಸ್ತುಸಂಗ್ರಹಾಲಯದಲ್ಲಿ ಈ ಪ್ರಾಣಿಯ ಅಸ್ಥಿಪಂಜರವನ್ನು ನಿಲ್ಲಿಸಲಾಯಿತು. ಜಗತ್ತಿನಲ್ಲಿ ಡೈನೋಸಾರಿನ ಅಸ್ಥಿಪಂಜರವನ್ನು ಹೀಗೆ ಎತ್ತಿ ನಿಲ್ಲಿಸಿ ಜನರಿಗೆ ತೋರಿಸಿದ್ದು ಅದೇ ಮೊದಲು. ನೋಡಲು ಜನಸಾಗರವೇ ಹರಿದು ಬಂದಿತು. ಆದರೆ ತಲೆಬುರುಡೆ ಇರಲಿಲ್ಲವಲ್ಲ! ಅದನ್ನು ನಿಲ್ಲಿಸಿದ ಶಿಲ್ಪಿ ವಾಟರ್‌ಹೌಸ್ ಹಾಕಿನ್ಸ್ ಅವರು ಇಗ್ವಾನ ಎಂಬ ಉಡದಂತಹ ಪ್ರಾಣಿಯ ತಲೆಯನ್ನು ಮಾದರಿಯಾಗಿಟ್ಟುಕೊಂಡು ಗಾರೆಯಲ್ಲಿ ಒಂದು ತಲೆಯನ್ನು ಮಾಡಿ ಕೂರಿಸಿದರು. ಬಂದ ಜನ ಅದನ್ನೇ ನಿಜವೆಂದು ಕಂಡು ಹೋದರು. ಕೊಕ್ಕಿನ ಸುಳಿವೇ ಇಲ್ಲದ ತಲೆ ಅದು. ಹ್ಯಾಡನ್‌ಫೀಲ್ಡಿನ ಪ್ರಾಣಿಯ ತಲೆಬುರುಡೆ ಇಂದಿಗೂ ದೊರೆತಿಲ್ಲ. ಅದರ ಸಂಬಂಧಿ ಪ್ರಾಣಿಗಳ ಪೂರ್ಣ ಬುರುಡೆಗಳು ಬೇರೆಡೆ ದೊರೆತ ಮೇಲೆ ಆ ಗಾರೆಯ ತಲೆ ತಪ್ಪೆಂಬುದು ಸ್ಪಷ್ಟವಾಯಿತು.

ಕೊಕ್ಕು ಕಂಡ ಮೇಲಾದರೂ ತಪ್ಪು ನಿಂತಿತೇ ಎಂದರೆ, ಅದೂ ಇಲ್ಲ. ಬಾತಿನ ಕೊಕ್ಕಿರುವ ಪ್ರಾಣಿ ಬಾತಿನಂತೆಯೇ ನೀರಿನಲ್ಲಿದ್ದು ಜೊಂಡು ತಿಂದು ಬದುಕಿರಬೇಕೆಂದು ಪಂಡಿತರು ಬಹುಕಾಲ ನಂಬಿದ್ದರು. 1964ರಲ್ಲಿ ಜಾನ್ ಆಸ್ಟ್ರಮ್ ಎಂಬ ವಿಜ್ಞಾನಿ ಇದನ್ನು ಪ್ರಶ್ನಿಸಿದರು. ಮೆತ್ತನೆಯ ಜೊಂಡು ತಿನ್ನುವುದಕ್ಕೆ ಬೀಸುವ ಕಲ್ಲಿನಂತಹ ದವಡೆ ಏಕೆ ಬೇಕು? ಇವು ನೆಲದ ಮೇಲೆ ನಡೆದು ಗಡುಸಾದ ಎಲೆ, ಕಡ್ಡಿಗಳನ್ನು ಅರೆದು ತಿಂದ ಪ್ರಾಣಿಗಳೆಂದು ಅವರು ತೋರಿಸಿಕೊಟ್ಟರು. ನಾವಿಟ್ಟ ಹೆಸರೇ ನಮ್ಮನ್ನು ದಾರಿ ತಪ್ಪಿಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇನ್ನು ಮೊದಲು ಹೇಳಿದ ಟ್ರಾಕೊಡಾನ್ ಗತಿ ಏನಾಯಿತು? ಅನಂತರ ದೊರೆತ ಎಷ್ಟೋ ಎಲುಬುಗಳನ್ನು ಆ ಹೆಸರಿನ ಕೆಳಗೆ ತುರುಕಲಾಯಿತು. ಕೊನೆಗೆ, ಬರಿಯ ಹಲ್ಲುಗಳಿಂದ ಈ ವಂಶದ ಇಂತಹ ಪ್ರಾಣಿಯೇ ಎಂದು ಖಚಿತವಾಗಿ ಗುರುತಿಸಲಾಗದೆಂದು ವಿದ್ವಾಂಸರು ಒಪ್ಪಿ ಆ ಹೆಸರನ್ನು ಬದಿಗಿರಿಸಿದರು. ಹೆಸರಿಟ್ಟವರು ಲೀಡಿಯಂತಹ ಹಿರಿಯರೆಂಬ ಕಾರಣಕ್ಕೆ ಅದನ್ನು ಉಳಿಸಿಕೊಳ್ಳಲಿಲ್ಲ. ವಂಶ ಯಾವುದೆಂದು ಹಲ್ಲು ಹೇಳಬಲ್ಲುದು, ವ್ಯಕ್ತಿ ಯಾರೆಂದು ಹೇಳಲಾರದು. ಹಲ್ಲು ಹೇಳದುದನ್ನು ಹಲ್ಲಿನ ಬಾಯಿಂದ ಹೇಳಿಸಬಾರದೆಂಬ ವಿವೇಕ ಇದು.

ಕಡಲು ದಾಟಿದ ಅಜನಬಿ

ಇತ್ತೀಚಿನ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಆಫ್ರಿಕಾ ಖಂಡದ ವಾಯವ್ಯದಲ್ಲಿ ಮೊರಾಕ್ಕೊ ಎಂಬ ದೇಶವಿದೆ. ಅಲ್ಲಿನ ಖೂರಿಬ್ಗಾ ಸೀಮೆಯಲ್ಲಿ ಫಾಸ್ಫೇಟ್ ಎಂಬ ಖನಿಜದ ಅಪಾರವಾದ ಗಣಿಗಳಿವೆ. ಲೋಕದ ಫಾಸ್ಫೇಟ್ ನಿಕ್ಷೇಪದ ಬಹುಪಾಲು ಆ ದೇಶದಲ್ಲಿದೆಯೆಂದು ಲೆಕ್ಕ ಹಾಕಲಾಗಿದೆ. ಇದು ಗೊಬ್ಬರದ ಮೂಲವಸ್ತು. ನಮ್ಮ ದೇಶವೂ ರಸಗೊಬ್ಬರಕ್ಕಾಗಿ ಫಾಸ್ಫೇಟನ್ನೂ ಅದರಿಂದ ತಯಾರಾದ ಆಮ್ಲವನ್ನೂ ಮೊರಾಕ್ಕೊದಿಂದ ತರಿಸಿಕೊಳ್ಳುತ್ತದೆ. ನಾವು ಮೆಕ್ಕೆಜೋಳದ ಹೊಲಕ್ಕೆ ಹಾಕುವ ಡಿಎಪಿ ಚೀಲದಲ್ಲಿ ಆ ಗಣಿಯ ಅಂಶವೂ ಒಂದಿಷ್ಟು ಸೇರಿರಬಹುದು.

ಈ ಫಾಸ್ಫೇಟ್ ಪದರಗಳು ಪುರಾತನ ಕಡಲಿನ ತಳದಲ್ಲಿ ಉಂಟಾದವು. ಅವುಗಳಲ್ಲಿ ದೊರೆಯುವುದು ಶಾರ್ಕ್ ಮೀನುಗಳ ಹಲ್ಲು, ಮೊಸಾಸಾರ್ ಎಂಬ ಕಡಲ ಸರೀಸೃಪಗಳ ಎಲುಬು ಮುಂತಾದವು. ನೆಲದ ಪ್ರಾಣಿಯ ಎಲುಬು ಅಲ್ಲಿ ಸಿಗಬೇಕಾದರೆ ಅದರ ಕಳೇಬರ ನದಿಯಲ್ಲಿ ತೇಲಿ ಕಡಲು ಸೇರಿ ಮುಳುಗಿರಬೇಕು. ಹೀಗಾಗಿ ಅಲ್ಲಿ ಡೈನೋಸಾರಿನ ಎಲುಬು ಬಹಳ ಅಪರೂಪ.

ಅಂತಹ ಸ್ಥಳದಲ್ಲಿ, ಸಿದಿ ಶೆನ್ನಾನ್ ಗಣಿಯ ಪ್ರದೇಶದಿಂದ, ಹಲ್ಲುಗಳಿರುವ ದವಡೆಯ ಕೆಲವು ಚೂರುಗಳು ದೊರೆತವು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ನಿಕೊಲಸ್ ಲಾಂಗ್ರಿಚ್ ಅವರೂ ಅವರ ಸಹೋದ್ಯೋಗಿಗಳೂ ಅದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಹಲ್ಲುಗಳ ಜೋಡಣೆ ಬಾತುಕೊಕ್ಕಿನ ವಂಶದ್ದೇ ಆಗಿತ್ತು. ಆಫ್ರಿಕಾ ಖಂಡದಲ್ಲಿ ಈ ವಂಶದ ಕುರುಹು ದೊರೆತುದು ಅದೇ ಮೊದಲು. ಪ್ರಾಣಿಯ ಉದ್ದ ಸುಮಾರು 3 ಮೀಟರ್, ಗಾತ್ರ ಒಂದು ಸಣ್ಣ ಕುದುರೆಯಷ್ಟು. ಕಾಲ ಇಂದಿಗೆ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಡೈನೋಸಾರ್ ಯುಗದ ಕಟ್ಟಕಡೆಯ ದಿನಗಳು.

ಇದರಲ್ಲಿ ಬೆರಗಾಗುವಂತಹುದೇನು ಎಂದು ಓದುಗರು ಕೇಳಬಹುದು. ಬಾತುಕೊಕ್ಕಿನ ವಂಶವು ಹುಟ್ಟಿ ಹಬ್ಬಿದುದು ಉತ್ತರ ಅಮೆರಿಕ, ಏಷ್ಯಾ, ಯೂರೋಪುಗಳಲ್ಲಿ. ಆ ಕಾಲದಲ್ಲಿ ಆಫ್ರಿಕಾ ಸುತ್ತಲೂ ಕಡಲಿನಿಂದ ಆವೃತವಾದ ದ್ವೀಪಖಂಡವಾಗಿತ್ತು. ಇತರ ಖಂಡಗಳಿಂದ ಅಲ್ಲಿಗೆ ನೆಲದ ದಾರಿ ಇರಲಿಲ್ಲ. ಹಾಗಾದರೆ ಈ ಪ್ರಾಣಿಯ ಪೂರ್ವಜರು ಯೂರೋಪಿನ ಕಡೆಯಿಂದ ನೂರಾರು ಕಿಲೋಮೀಟರ್ ಕಡಲನ್ನು ಈಜಿಯೋ, ಪ್ರವಾಹದಲ್ಲಿ ಕೊಚ್ಚಿ ಬಂದ ಮರಗಳ ಮೇಲೆ ತೇಲಿಯೋ ದಾಟಿರಬೇಕೆಂಬುದೇ ವಿಜ್ಞಾನಿಗಳ ತೀರ್ಮಾನವಾಯಿತು. ಆದುದರಿಂದ ಅದಕ್ಕೆ ಅಜ್ನಬಿಯಾ ಒಡಿಸಿಯಸ್ ಎಂದು ಹೆಸರಿಟ್ಟರು. ಒಡಿಸಿಯಸ್ ಎಂಬವನು ಗ್ರೀಕರ ಪುರಾಣದಲ್ಲಿ ಕಡಲಲೆದ ವೀರ. ಅಜ್ನಬಿ ಎಂದರೆ ಅರಬ್ಬೀ ಭಾಷೆಯಲ್ಲಿ ಪರದೇಶದವನು. ಹಿಂದಿ, ಉರ್ದುಗಳ ಮೂಲಕ ಈ ಮಾತು ನಮ್ಮ ಕಿವಿಗೂ ಪರಿಚಿತವಾದುದೇ. ನಮ್ಮ ಮೊಮ್ಮಗನು ಹೆಸರು ಕೇಳಿದೊಡನೆ, "ಅಂದ್ರೆ ಅದು ನೆಂಟರ ಮನೆಗೆ ಬಂದು ಅಲ್ಲೇ ಉಳಿದುಬಿಟ್ಟಿತು" ಎಂದನು. ನಾವು ಅದನ್ನು ತಿದ್ದಲು ಹೋಗಲಿಲ್ಲ.

ಕಡಲಿನ ಮೇಲೆ ತೇಲಿ ಹೋಗುವುದು ಕಟ್ಟುಕಥೆಯೇ? 1995ರಲ್ಲಿ ಚಂಡಮಾರುತಗಳು ಬೀಸಿದ ಮೇಲೆ ಕೆರಿಬಿಯನ್ ಕಡಲಿನ ಅಂಗ್ವಿಲ್ಲಾ ಎಂಬ ದ್ವೀಪದ ದಡಕ್ಕೆ ಕಿತ್ತುಬಂದ ಮರಗಳ ರಾಶಿಯೊಂದು ಬಂದು ತಾಗಿತು. ಅದರ ಮೇಲೆ ಕನಿಷ್ಠ 15 ಇಗ್ವಾನಗಳು ಕುಳಿತಿದ್ದವು. ಆ ಜಾತಿಯ ಇಗ್ವಾನ ಅದಕ್ಕೆ ಮುಂಚೆ ಆ ದ್ವೀಪದಲ್ಲಿರಲಿಲ್ಲ. ನಮ್ಮ ಆಯುಷ್ಯದ ಅಳತೆಯಲ್ಲಿ ಇಂತಹುದು ಒಮ್ಮೆ ಕಂಡರೆ ಹೆಚ್ಚು. ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಅಪರೂಪವೂ ಸಂಭವವಾಗುತ್ತದೆ.

ದವಡೆಯ ಆ ಚೂರುಗಳು ಹೇಳಿದುದು ಇಷ್ಟು. ಅಜ್ನಬಿಯಾದ ಬಣ್ಣವೇನು, ಅದು ಹೇಗೆ ಕೂಗುತ್ತಿತ್ತು, ಎಷ್ಟು ಮೊಟ್ಟೆ ಇಡುತ್ತಿತ್ತು ಎಂಬುದನ್ನು ಅವು ಹೇಳಲಿಲ್ಲ, ವಿಜ್ಞಾನಿಗಳೂ ಹೇಳಲಿಲ್ಲ. ಅವರು ಕಾದರು, ಹುಡುಕಿದರು. 2024ರಲ್ಲಿ ಅದೇ ಫಾಸ್ಫೇಟ್ ಪದರಗಳಿಂದ ಅದರ ಹತ್ತಿರದ ಸಂಬಂಧಿಯೊಂದನ್ನು ಪ್ರಕಟಿಸಿದರು. ಅದರ ಹೆಸರು ಮಿಂಕಾರಿಯಾ ಬಾತಾ. ಅರಬ್ಬಿಯಲ್ಲಿ ಮಿಂಕಾರ್ ಎಂದರೆ ಕೊಕ್ಕು, ಬತ್ತ ಎಂದರೆ ಬಾತುಕೋಳಿ. ಈ ಸಲ ದವಡೆಯೊಡನೆ ಮಿದುಳನ್ನು ಹೊತ್ತಿದ್ದ ಬುರುಡೆಯ ಭಾಗವೂ ದೊರೆತಿತ್ತು. ಕಡಲು ದಾಟಿ ಬಂದ ಒಂದು ವಂಶ ಅಲ್ಲಿ ಕವಲೊಡೆದು ಬಾಳಿತ್ತೆಂಬುದು ಇದರಿಂದ ಇನ್ನಷ್ಟು ಗಟ್ಟಿಯಾಯಿತು.

ನಮ್ಮ ನೆಲದ ಎಲುಬುಗಳು

ಆಫ್ರಿಕಾಕ್ಕೆ ಬಂದ ಈ ಪರದೇಶಿ ನಮ್ಮ ದೇಶಕ್ಕೂ ಬಂದಿತ್ತೇ? ಬಾತುಕೊಕ್ಕಿನ ಡೈನೋಸಾರಿನ ಎಲುಬು ಭಾರತದಲ್ಲಿ ದೊರೆತಿಲ್ಲ. ಆ ಕಾಲಕ್ಕೆ ಭಾರತವೂ ಆಫ್ರಿಕಾ, ಮಡಗಾಸ್ಕರ್‌ಗಳಿಂದ ಕಳಚಿಕೊಂಡು, ಏಷ್ಯಾವನ್ನು ಇನ್ನೂ ಮುಟ್ಟದೆ, ಮಹಾಸಾಗರದ ನಡುವೆ ಉತ್ತರಕ್ಕೆ ಸಾಗುತ್ತಿದ್ದ ಭೂಭಾಗವಾಗಿತ್ತು. ಇಲ್ಲಿ ದೊರೆತಿರುವುದು ನೀಳಕೊರಳಿನ ಬೃಹತ್ ಸಸ್ಯಾಹಾರಿಗಳ ಮತ್ತು ಮಾಂಸಾಹಾರಿ ಡೈನೋಸಾರುಗಳ ಅವಶೇಷಗಳು. ಅವೂ ಬಹುಮಟ್ಟಿಗೆ ಅಪೂರ್ಣವಾದವೇ.

1828ರಲ್ಲಿ ಜಬಲ್ಪುರದ ಬಳಿ ಸ್ಲೀಮನ್ ಎಂಬ ಆಂಗ್ಲ ಅಧಿಕಾರಿಗೆ ಬಾಲದ ಮೂಳೆಗಳು ದೊರೆತವು. ಠಕ್ಕರನ್ನು ಅಡಗಿಸಿದವರೆಂದು ಚರಿತ್ರೆಯಲ್ಲಿ ಹೆಸರಾದವರು ಇವರೇ. 1877ರಲ್ಲಿ ಲಿಡೆಕ್ಕರ್ ಎಂಬವರು ಆ ಮೂಳೆಗಳ ಆಧಾರದಿಂದ ಟೈಟನೊಸಾರಸ್ ಇಂಡಿಕಸ್ ಎಂದು ಹೆಸರಿಟ್ಟರು. ಅನಂತರ ಮೂಳೆಗಳೇ ಎಲ್ಲಿ ಹೋದವೆಂದು ತಿಳಿಯದಂತಾಯಿತು. 2012ರಲ್ಲಿ ಕೊಲ್ಕತ್ತೆಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಸಂಗ್ರಹದಲ್ಲೇ ಅವು ಮತ್ತೆ ಪತ್ತೆಯಾದವು.

ಕಾವೇರಿಯ ಸೀಮೆಯಲ್ಲಿ, ತಮಿಳುನಾಡಿನ ಅರಿಯಲೂರಿನ ಬಳಿಯ ಕಲ್ಲಮೇಡು ಎಂಬಲ್ಲಿ ನಡೆದುದು ಇನ್ನೂ ದುಃಖಕರವಾಗಿದೆ. ಅಲ್ಲಿ ಅಸಾಧಾರಣ ಗಾತ್ರದ ಮೂಳೆಗಳು ದೊರೆತು, 1987ರಲ್ಲಿ ಯಾದಗಿರಿ ಮತ್ತು ಅಯ್ಯಸಾಮಿ ಎಂಬ ವಿಜ್ಞಾನಿಗಳು ಆ ಪ್ರಾಣಿಗೆ ಬೃಹತ್ಕಾಯೋಸಾರಸ್ ಎಂದು ಹೆಸರಿಟ್ಟರು. ಈ ಹೆಸರಿನ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಜಗತ್ತಿನ ಅತಿ ದೊಡ್ಡ ಪ್ರಾಣಿಗಳಲ್ಲಿ ಅದೂ ಒಂದಾಗಿದ್ದಿರಬಹುದೆಂಬ ಮಾತು ಕೇಳಿ ಬಂದಿತು. ಆದರೆ ಮೂಳೆಗಳು ಶಿಥಿಲವಾಗಿದ್ದವು. ಮಳೆನೀರಿಗೆ ನೆನೆದು ಪುಡಿಯಾಗಿ ಹೋದವು. ಉಳಿದುದು ಕೆಲವು ಚಿತ್ರಗಳು ಮತ್ತು ಛಾಯಾಚಿತ್ರಗಳು ಮಾತ್ರ. ಆದುದರಿಂದ ಆ ಬೃಹತ್ಕಾಯದ ನಿಜವಾದ ಅಳತೆಯನ್ನು ಇಂದು ಯಾರೂ ಪರೀಕ್ಷಿಸಿ ನೋಡುವಂತಿಲ್ಲ. ಮೊರಾಕ್ಕೊದ ದವಡೆಯ ಚೂರುಗಳು ಸಣ್ಣವು, ಆದರೆ ಮರಾಕೇಶ್ ನಗರದ ಸಂಗ್ರಹಾಲಯದಲ್ಲಿ ಭದ್ರವಾಗಿವೆ. ಬೇಕೆಂದವರು ಮತ್ತೊಮ್ಮೆ ಪರೀಕ್ಷಿಸಬಹುದು, ಲಾಂಗ್ರಿಚ್ ಅವರ ಮಾತು ತಪ್ಪಾಗಿದ್ದರೆ ತಪ್ಪೆನ್ನಬಹುದು. ಎಲುಬಿನ ಗಾತ್ರಕ್ಕಿಂತ ಅದರ ಉಳಿವು ದೊಡ್ಡದೆಂಬುದು ಈ ಎರಡನ್ನು ಪಕ್ಕದಲ್ಲಿಟ್ಟು ನೋಡಿದರೆ ಮನದಟ್ಟಾಗುತ್ತದೆ.

ಭಕ್ತಿಯೂ ಉಳಿಸಬಲ್ಲುದೆಂಬುದಕ್ಕೆ ಒಂದು ನಿದರ್ಶನವುಂಟು. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡ್ಲ್ಯಾ ಎಂಬ ಹಳ್ಳಿಯ ರೈತರು ಹೊಲದಲ್ಲಿ ದೊರೆತ ಗುಂಡಾದ ಕಲ್ಲುಗಳನ್ನು ಬೆಳೆಯನ್ನೂ ದನಕರುಗಳನ್ನೂ ಕಾಯುವ ಕುಲದೈವವೆಂದು ತಲೆಮಾರುಗಳಿಂದ ಪೂಜಿಸುತ್ತ ಬಂದಿದ್ದರು. 2023ರಲ್ಲಿ ತಜ್ಞರು ನೋಡಿ ಅವು ನೀಳಕೊರಳಿನ ಡೈನೋಸಾರುಗಳ ಮೊಟ್ಟೆಗಳು ಕಲ್ಲಾದವು ಎಂದು ತಿಳಿಸಿದರು. ಆ ರೈತರನ್ನು ಕಂಡು ನಗುವವರು ಒಂದು ಮಾತನ್ನು ನೆನೆಯಬೇಕು. ಅವರು ಅವುಗಳನ್ನು ಒಡೆಯಲಿಲ್ಲ, ಎಸೆಯಲಿಲ್ಲ. ಗೌರವದಿಂದ ಕಾಪಾಡಿದರು. ಕಾಪಾಡಿದುದರಿಂದಲೇ ಅರಿಯಲು ಏನಾದರೂ ಉಳಿದಿತ್ತು.

ಕುಂಸಿಯ ಕಲ್ಲು

ಇನ್ನು ನಮ್ಮ ಅಂಗಳದ ಕಲ್ಲಿಗೆ ಬರೋಣ. ಕುಂಸಿಯಲ್ಲಿ ಡೈನೋಸಾರಿನ ಎಲುಬು ಏಕೆ ದೊರೆಯುವುದಿಲ್ಲ? ಎಲುಬು ಕಲ್ಲಾಗಿ ಉಳಿಯಬೇಕಾದರೆ, ಆ ಪ್ರಾಣಿ ಬದುಕಿದ್ದ ಕಾಲದಲ್ಲಿಯೇ ಮರಳು, ಕೆಸರು ಬಿದ್ದು ಪದರಗಟ್ಟಿರಬೇಕು. ಕುಂಸಿ, ಶಿವಮೊಗ್ಗ ಸೀಮೆಯ ಬಂಡೆಗಳು ಧಾರವಾಡ ಶಿಲಾವರ್ಗಕ್ಕೆ ಸೇರಿದವು. ಅವುಗಳ ವಯಸ್ಸು ಸುಮಾರು 260 ಕೋಟಿ ವರ್ಷಗಳಿಗೂ ಹೆಚ್ಚು. ಅಂದರೆ ಅಜ್ನಬಿಯಾ ಬದುಕಿದ್ದಾಗಲೇ ನಮ್ಮೂರಿನ ಕಲ್ಲು 250 ಕೋಟಿ ವರ್ಷಗಳಿಗೂ ಹಳೆಯದಾಗಿತ್ತು! ಎಲುಬುಳ್ಳ ಪ್ರಾಣಿಯೇ ಲೋಕದಲ್ಲಿಲ್ಲದ ಕಾಲದಲ್ಲಿ ಉಂಟಾದ ಬಂಡೆಯಲ್ಲಿ ಎಲುಬನ್ನು ಹುಡುಕಿದರೆ ಸಿಗುವುದೆಂತು?

ಡೈನೋಸಾರ್ ಯುಗದ ಅಂತ್ಯದ ನೆನಪು ನಮ್ಮ ನಾಡಿನಲ್ಲಿ ಉಳಿದಿರುವುದು ಉತ್ತರದ ಸೀಮೆಯಲ್ಲಿ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಗೆ ಹಬ್ಬಿರುವ ಕಪ್ಪುಕಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾರಸದಿಂದ ಆದುದು. ಬಸವಕಲ್ಯಾಣಕ್ಕೆ ಯಾತ್ರೆ ಹೋಗುವ ನಮ್ಮ ಬಂಧುಗಳು ದಾರಿಯುದ್ದಕ್ಕೂ ಕಾಣುವ ಎರೆಮಣ್ಣು ಆ ಕಲ್ಲು ಕರಗಿ ಆದುದೇ. ಒಂದು ಲಾವಾದ ಹರಿವಿಗೂ ಇನ್ನೊಂದಕ್ಕೂ ನಡುವೆ ಕೆರೆಕುಂಟೆಗಳು ನಿಂತಿದ್ದ ಕಾಲದ ಸಣ್ಣ ಸಿಹಿನೀರ ಜೀವಿಗಳ ಚಿಪ್ಪುಗಳು ಹಿಂದಿನ ಗುಲ್ಬರ್ಗ ಜಿಲ್ಲೆಯಲ್ಲಿ ದೊರೆತಿವೆ. ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದ ಅಷ್ಟು ಸಣ್ಣ ಚಿಪ್ಪುಗಳು ಅವು.

ಹಾಗೆಂದು ಶಿವಮೊಗ್ಗೆಯ ಬಂಡೆಗಳು ಮೂಕವಲ್ಲ. ಈ ಸೀಮೆಯ ಡಾಲಮೈಟ್, ಸುಣ್ಣಕಲ್ಲಿನ ಪದರಗಳಲ್ಲಿ ಸ್ಟ್ರೊಮಾಟೊಲೈಟ್ ಎಂಬ ರಚನೆಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಆದಿಕಾಲದ ಆಳವಲ್ಲದ ಕಡಲಿನಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಹೊರೆ ಹೊರೆಯಾಗಿ ಕಟ್ಟಿದ ಪದರಗಳು ಅವು. ಕತ್ತರಿಸಿದ ಈರುಳ್ಳಿಯ ಮೈಯಂತೆ ಒಂದರೊಳಗೊಂದು ಗೆರೆಗಳು ಕಾಣುತ್ತವೆ. ಡೈನೋಸಾರ್ ಸಿಗದ ಊರಿನಲ್ಲಿ, ಡೈನೋಸಾರಿಗಿಂತ ಹಲವು ಪಟ್ಟು ಹಳೆಯದಾದ ಜೀವದ ಗುರುತು ನಮ್ಮ ಸುತ್ತಲೇ ಇದೆ. ಇದನ್ನು ಕೇಳಿದಾಗ ಮೊಮ್ಮಗನ ಮುಖ ಅರಳಿತು.

ಮನೆಮಂದಿಗೆ ನಾಲ್ಕು ಮಾತು

ಹ್ಯಾಡನ್‌ಫೀಲ್ಡಿನ ಎಲುಬು ಗೊಬ್ಬರದ ಮಣ್ಣಿನಲ್ಲಿ ದೊರೆಯಿತು, ಮೊರಾಕ್ಕೊದ್ದು ಗೊಬ್ಬರದ ಗಣಿಯ ಸೀಮೆಯಲ್ಲಿ. ಪಾಡ್ಲ್ಯಾದ ಮೊಟ್ಟೆ ರೈತರ ಹೊಲದಲ್ಲಿತ್ತು. ಇವುಗಳನ್ನು ಮೊದಲು ಕಂಡವರಲ್ಲಿ ಬಹುಮಂದಿ ಮಣ್ಣಿನಲ್ಲಿ ದುಡಿಯುವ ನಮ್ಮಂತಹವರೇ. ಬಾವಿ ತೋಡುವಾಗ, ತೋಟಕ್ಕೆ ಬಸಿಗಾಲುವೆ ತೆಗೆಯುವಾಗ, ಕಲ್ಲುಕ್ವಾರಿಯಲ್ಲಿ ವಿಚಿತ್ರವಾದುದು ಕಂಡರೆ ಒಡೆದು ನೋಡುವ ಆತುರ ಬೇಡ. ದೊರೆತ ಸ್ಥಳವನ್ನು, ಆಳವನ್ನು, ದಿನಾಂಕವನ್ನು ಬರೆದಿಡಿ. ಇದ್ದಲ್ಲಿಯೇ ಒಂದು ಛಾಯಾಚಿತ್ರ ತೆಗೆದುಕೊಳ್ಳಿ. ಎಲ್ಲಿಂದ ಬಂದುದೆಂದು ತಿಳಿಯದ ಎಲುಬು ಊರು ಮರೆತ ಕೂಸಿನಂತೆ, ಅದನ್ನು ಯಾವ ಮನೆಗೆ ಸೇರಿಸಬೇಕೆಂದು ಯಾರೂ ಹೇಳಲಾರರು. ಹಾಪ್ಕಿನ್ಸನಂತೆ ನೆಂಟರಿಗೆ ಉಡುಗೊರೆ ಕೊಟ್ಟುಬಿಡಬೇಡಿ. ಶಂಕರಘಟ್ಟದಲ್ಲಿರುವ ನಮ್ಮ ಕುವೆಂಪು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ವಿಭಾಗವಿದೆ. ಬೆಂಗಳೂರಿನಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಕಚೇರಿಯಿದೆ. ಅಲ್ಲಿನವರನ್ನು ಕೇಳಿ ತಿಳಿಯುವುದರಲ್ಲಿ ಸಂಕೋಚವೇನಿಲ್ಲ.

ಇನ್ನು ಹಿರಿಯರಾದ ನಮಗೆ ಒಂದು ಮಾತು. ಮಗು ಕಲ್ಲು ತಂದು ಕೇಳಿದಾಗ "ನನಗೆ ತಿಳಿಯದು, ಬಾ ನೋಡೋಣ" ಎಂದರೆ ನಮ್ಮ ಹಿರಿತನಕ್ಕೆ ಕುಂದಾಗದು. ಗಾರೆಯ ತಲೆಯನ್ನು ಕೂರಿಸಿದ ಹಾಕಿನ್ಸರೂ ಸುಳ್ಳುಗಾರರಲ್ಲ, ಇಲ್ಲದ ತಲೆಯ ಜಾಗ ಬರಿದಾಗಿರುವುದನ್ನು ಸಹಿಸದವರು ಅಷ್ಟೆ. ಬರಿದಾದುದನ್ನು ಬರಿದೆಂದೇ ತೋರಿಸುವುದಕ್ಕೆ ಹೆಚ್ಚಿನ ಧೈರ್ಯ ಬೇಕು. ಇದ್ದಷ್ಟನ್ನು ಇದ್ದಂತೆ ನುಡಿಯುವುದು ಪ್ರಯೋಗಶಾಲೆಗೆ ಎಷ್ಟು ಅವಶ್ಯವೋ ಮನೆಯ ಜಗುಲಿಗೂ ಅಷ್ಟೇ ಅವಶ್ಯ.

ರಜೆ ಮುಗಿಸಿ ಹೊರಡುವ ದಿನ ಮೊಮ್ಮಗನು ಆ ಕಪ್ಪು ಕಲ್ಲನ್ನು ಬಿಟ್ಟು ಹೋಗಲಿಲ್ಲ. ಚೀಲದಲ್ಲಿ ಇಟ್ಟುಕೊಳ್ಳುವ ಮುನ್ನ ಒಂದು ಚೀಟಿ ಬರೆದು ಅದಕ್ಕೆ ಅಂಟಿಸಿದನು. "ಮ್ಯಾಂಗನೀಸ್ ಅದಿರು. ಸಿಕ್ಕಿದ ಜಾಗ ಕುಂಸಿ. ಡೈನೋಸಾರ್ ಅಲ್ಲ. ಅದಕ್ಕಿಂತ ಹಳೇದು." ಅದರ ಕೆಳಗೆ, ನಾವು ಕೇಳದಿದ್ದರೂ, ಇನ್ನೊಂದು ಸಾಲನ್ನು ಸೇರಿಸಿದ್ದನು: "ಅಜ್ಜನೂ ನಾನೂ ಸೇರಿ ಕಂಡುಹಿಡಿದಿದ್ದು."